ಎಡಗಿವಿಗೆ ಔಷಧಿ ಮುಟ್ಟಿದ ಕತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾಲ್ಕು ವರ್ಷ ಅಲ್ಲಿ ಆಟೋ ಓಡಿಸಿದ್ದೇನೆ. ಹಂಪಿ ಬಜಾರಿಗೆ ಪ್ರವಾಸಿಗರನ್ನು ಕರೆದೊಯ್ಯುವ ಸಾಲಿನಲ್ಲಿ ನಾನೊಬ್ಬಳೇ ಹೆಂಗಸು. ಸಾಲು ತಪ್ಪಿಸಿ ನನ್ನ ಮುಂದೆ ಗಾಡಿ ತೂರಿಸಿದವರು ಎರಡನೇ ಸಲ ಆ ಧೈರ್ಯ ಮಾಡಿದ್ದಿಲ್ಲ. ಈ ಸಿಟ್ಟು ನನ್ನ ಅಪ್ಪನ ಕಡೆಯಿಂದ ಬಂದದ್ದು ಎಂದು ಅಮ್ಮ ಹೇಳುತ್ತಿರುತ್ತಾಳೆ. ಅಮ್ಮನನ್ನು ಹತ್ತು ನಿಮಿಷ ನೋಡಿದವರು ಅದನ್ನು ನಂಬುವುದಿಲ್ಲ. ಬೆಳಗ್ಗೆ ಬಂಡಿಯ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರುವ ಅವಳು, ಉಪ್ಪು ಹೆಚ್ಚಾಯಿತು ಎಂದ ಗಿರಾಕಿಗೆ ನಾಲಗೆ ತೋರಿಸು ಎಂದವಳು. ತಪ್ಪು ತನ್ನದು ಎಂದು ಒಪ್ಪಿಕೊಂಡದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅಂಥ ಅಮ್ಮನ ಮಗಳಾದ ನಾನು ಮೂವತ್ತೊಂದನೆಯ ವಯಸ್ಸಿನಲ್ಲಿ ಆಟೋ ಇಳಿದು ಅದಿರು ಸಾಗಿಸುವ ಡಂಪರ್ ಹತ್ತಲು ಹೊರಟೆ. ಸಂಡೂರಿನ ಹತ್ತಿರ, ಯಶವಂತನಗರದ ಕಡೆಯ ಒಂದು ಗಣಿಯಲ್ಲಿ ಹೆಂಗಸರಿಗೂ ಡಂಪರ್ ಓಡಿಸಲು ಕಲಿಸುತ್ತಾರೆಂದು ಗೊತ್ತಾದ ದಿನವೇ ಅರ್ಜಿ ಹಾಕಿದ್ದೆ. ಆ ಗಾಡಿಯ ಒಂದೊಂದು ಗಾಲಿಯೂ ನನಗಿಂತ ಎತ್ತರ. ಏಣಿ ಹತ್ತಿ ಮೇಲೆ ಕೂತು ಮೊದಲ ಸಲ ಕೆಳಗೆ ನೋಡಿದಾಗ, ನಮಗೆ ಕಲಿಸುವ ಮೇಷ್ಟ್ರ ಹಳದಿ ಹೆಲ್ಮೆಟ್ಟು ಅಂಗಿಯ ಗುಂಡಿಯಷ್ಟು ಕಂಡಿತು. ಈ ಗಾಡಿ ನನ್ನದು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಕಲಿಕೆ ಮುಗಿದ ಮೇಲೆ ವೈದ್ಯಕೀಯ ಪರೀಕ್ಷೆ ಒಂದಿದೆ, ಅದರಲ್ಲಿ ಪಾಸಾದರಷ್ಟೇ ಕೆಲಸ ಎಂದು ಮೇಷ್ಟ್ರು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಲ್ಲು ತಿಂದು ಕರಗಿಸುವ ಮೈ ನನ್ನದು, ನನಗ್ಯಾವ ಪರೀಕ್ಷೆ?

ಆದರೆ ಗಣಿಯಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಕೆಂಪು ಧೂಳು ಎದ್ದಿತೆಂದರೆ ಎದುರಿಗಿನ ಯಂತ್ರವೇ ಕಾಣುವುದಿಲ್ಲ. ಅದಿರು ತುಂಬುವ ಯಂತ್ರದವನು ಒಂದು ಹಾರ್ನ್ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಮುಂದೆ, ಮೂರಕ್ಕೆ ಹಿಂದೆ. ಅದು ಯಾವ ದಿಕ್ಕಿನಿಂದ ಬಂತು ಎಂದು ತಿಳಿಯದ ಡ್ರೈವರು ತಾನೂ ಸಾಯುತ್ತಾನೆ, ಕೆಳಗಿದ್ದವರನ್ನೂ ಸಾಯಿಸುತ್ತಾನೆ. ಆದ್ದರಿಂದ ಎರಡೂ ಕಿವಿ ಸರಿಯಾಗಿ ಕೇಳಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಕಲಿಯಲು ಸೇರಿದ ಎರಡನೇ ತಿಂಗಳಿಗೆ ನನಗೆ ಕೆಟ್ಟ ನೆಗಡಿ ಬಂತು. ನೆಗಡಿಯ ಬೆನ್ನಿಗೆ ಎಡಗಿವಿ ನೋವು. ತಲೆಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದಾರೆ ಅನ್ನಿಸುವಂಥ ನೋವು. ಎರಡನೇ ದಿನ ಒಳಗೆ ಏನೋ ಪಟಕ್ಕನೆ ಒಡೆದಂತಾಗಿ ಕಿವಿಯಿಂದ ಹಳದಿ ಕೀವು ಇಳಿಯಿತು, ನೋವು ಅರ್ಧಕ್ಕರ್ಧ ಹೋಯಿತು. ಪೀಡೆ ತೊಲಗಿತು ಎಂದು ಅಮ್ಮ ದೃಷ್ಟಿ ತೆಗೆದಳು. ಆಮೇಲೆ ಬಾಣಲೆಯಲ್ಲಿ ಕುಸುಬೆ ಎಣ್ಣೆಗೆ ನಾಲ್ಕು ಬೆಳ್ಳುಳ್ಳಿ ಎಸಳು ಜಜ್ಜಿ ಹಾಕಿ, ಬೆಚ್ಚಗೆ ಮಾಡಿ, ಕಿವಿಗೆ ಬಿಟ್ಟಳು.

ಗಣಿಯಲ್ಲಿ ನಾವೆಲ್ಲ ಮಾಡುತ್ತಿದ್ದ ಇನ್ನೊಂದು ಘನಕಾರ್ಯ ಇಲ್ಲಿ ಹೇಳಬೇಕು. ಪಾಳಿಗೆ ಇಳಿಯುವ ಮುಂಚೆ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಕಿವಿಗೆ ತುರುಕಿಕೊಳ್ಳುವುದು ನಮ್ಮ ಗುಂಪಿನ ರೂಢಿ. ಧೂಳು ಒಳಗೆ ಹೋಗುವುದಿಲ್ಲ, ಸದ್ದೂ ತಗ್ಗುತ್ತದೆ ಎಂಬ ನಂಬಿಕೆ. ಕಂಪನಿ ಕೊಟ್ಟ ಇಯರ್ ಪ್ಲಗ್ ಜೇಬಿನಲ್ಲಿ, ಎಣ್ಣೆ ಹತ್ತಿ ಕಿವಿಯಲ್ಲಿ. ನನ್ನದು ಅಮ್ಮನ ಬೆಳ್ಳುಳ್ಳಿ ಎಣ್ಣೆಯ ಹತ್ತಿ, ಅಂದರೆ ಎಲ್ಲರಿಗಿಂತ ಒಂದು ಕೈ ಮೇಲು. ಬಸ್ಸಿನಲ್ಲಿ ನನ್ನ ಎಡಕ್ಕೆ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ವಾರ ಕಳೆದರೂ ಸೋರುವುದು ನಿಲ್ಲಲಿಲ್ಲ. ಹೊಸಪೇಟೆಯಲ್ಲಿ ಒಬ್ಬ ಕಿವಿ ಡಾಕ್ಟರ ಹತ್ತಿರ ಹೋದೆ, ನಮ್ಮ ಅಮ್ಮನ ವಯಸ್ಸಿನ ಹೆಣ್ಣುಮಗಳು. ಹೋಗುವ ಮುಂಚೆ ಹತ್ತಿ ತೆಗೆದು, ಬಡ್ಸ್ ಹಾಕಿ ಒರೆಸಿ, ಬಿಸಿನೀರಿನ ಬಟ್ಟೆಯಲ್ಲಿ ತಿಕ್ಕಿ, ಕಿವಿಯನ್ನು ಥಳಥಳ ಮಾಡಿಕೊಂಡು ಹೋದೆ. ಕೀವು ಸುರಿಸಿಕೊಂಡು ಡಾಕ್ಟರ ಮುಂದೆ ಕೂರುವುದೆಂದರೆ ಮುಸುರೆ ಪಾತ್ರೆಯ ರಾಶಿ ಇಟ್ಟುಕೊಂಡು ಬೀಗರನ್ನು ಅಡುಗೆಮನೆಗೆ ಕರೆದಂತೆ. ನಮ್ಮ ಮನೆತನದಲ್ಲಿ ಅದಾಗದು. ಅವರು ಬೆಳಕು ಬಿಟ್ಟು ನೋಡಿ, ಕಿವಿಯ ತಮಟೆಯಲ್ಲಿ ಸಣ್ಣ ತೂತಿದೆ, ಒಳಗೆ ಕೆಂಪಿದೆ ಎಂದರು. ಹತ್ತು ದಿನದ ಗುಳಿಗೆ ಬರೆದರು. ಎಣ್ಣೆಯ ಸಂಗತಿ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೂರನೇ ದಿನಕ್ಕೆ ನೋವು ಪೂರ್ತಿ ಹೋಯಿತು. "ಇಂಗ್ಲಿಷ್ ಗುಳಿಗಿ ಭಾಳ ಉಷ್ಣ, ಇನ್ ಸಾಕು," ಎಂದಳು ಅಮ್ಮ. ನನಗೂ ಅದೇ ಬೇಕಿತ್ತು. ಉಳಿದ ಗುಳಿಗೆ ಸಾಸಿವೆ ಡಬ್ಬಿಯ ಪಕ್ಕ ಸೇರಿದವು. ಎಂಟು ದಿನಕ್ಕೆ ಕಿವಿ ಮತ್ತೆ ಸೋರಿತು. ಡಬ್ಬಿ ಪಕ್ಕದ ಗುಳಿಗೆ ಮತ್ತೆ ಎರಡು ದಿನ ನುಂಗಿದೆ, ಮತ್ತೆ ಆರಿತು, ಮತ್ತೆ ಬಿಟ್ಟೆ. ಹೀಗೆ ಮೂರು ಸುತ್ತು ನಡೆಯಿತು. ನಡುವೆ ನೆಗಡಿಯೂ ಇನ್ನೊಮ್ಮೆ ಬಂದು ಹೋಯಿತು.

ಅಷ್ಟರಲ್ಲಿ ವೈದ್ಯಕೀಯ ಪರೀಕ್ಷೆ ಬಂತು. ಬಲಗಿವಿ ಪಾಸು, ಎಡಗಿವಿ ನಪಾಸು. ಕಾಗದದ ಮೇಲೆ ಎಡಗಿವಿಯ ಗೆರೆ ಗುಡ್ಡದಿಂದ ಜಾರಿ ಬಿದ್ದ ಹಾಗೆ ಕೆಳಗಿತ್ತು. ನನ್ನ ಜೊತೆ ಕಲಿತ ಹೆಂಗಸರೆಲ್ಲ ಪಾಸಾಗಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾಗ ನಾನು ನೀರಿನ ಡ್ರಮ್ಮಿನ ಹಿಂದೆ ನಿಂತು ಅತ್ತೆ. ಅತ್ತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಮೇಷ್ಟ್ರು ಒಳ್ಳೆಯವರು. "ಒಂದ್ ತಿಂಗಳು ಟೈಮ್ ಐತಿ. ಮತ್ತೊಮ್ಮೆ ಟೆಸ್ಟ್ ಮಾಡ್ತಾರ. ಅವಾಗ್ಲೂ ಆಗ್ಲಿಲ್ಲಂದ್ರ ನಿನ್ನ ಸೀಟು ಬ್ಯಾರೇದವ್ರಿಗೆ," ಎಂದರು. ಆಟೋ ಆಗಲೇ ಬೇರೆಯವರ ಕೈಗೆ ಹೋಗಿತ್ತು. ಹಿಂದಕ್ಕೂ ದಾರಿ ಇಲ್ಲ, ಮುಂದಕ್ಕೂ ಇಲ್ಲ.

ಮಾರನೆಯ ದಿನ ಡಾಕ್ಟರ ಮೇಲೆ ಯುದ್ಧಕ್ಕೇ ಹೋದೆ. ಉಳಿದ ಗುಳಿಗೆಯ ಪಟ್ಟಿಯನ್ನು ಅವರ ಮೇಜಿನ ಮೇಲೆ ಎಸೆದು, "ನಿಮ್ಮ ಗುಳಿಗಿ ಏನೂ ಉಪಯೋಗ ಇಲ್ರಿ. ನನ್ನ ಕೆಲ್ಸ ಹೋಗಾಕತ್ತೈತಿ," ಎಂದು ಕೂಗಿದೆ. ಹೊರಗೆ ಕೂತಿದ್ದ ರೋಗಿಗಳು ಬಾಗಿಲಲ್ಲಿ ಇಣುಕಿದರು. ಡಾಕ್ಟರು ಪಟ್ಟಿಯನ್ನು ತಿರುಗಿಸಿ ನೋಡಿದರು. ಅವರಿಗೂ ಸಿಟ್ಟು ಕಡಿಮೆ ಇರಲಿಲ್ಲ.

"ಹತ್ತು ದಿನದ್ದು ಬರ್ಕೊಟ್ರ ಇನ್ನೂ ಇಷ್ಟು ಇಲ್ಲೇ ಅದಾವಲ್ಲ? ಪಟ್ಟಿಯೊಳಗಿನ ಗುಳಿಗಿ ಕಿವಿಗೆ ಹೆಂಗ ಹೋಗ್ತಾವ? ನಡಕೊಂತ ಹೋಗ್ತಾವೇನು? ಕುಂದ್ರು."

ಕೂತೆ. ಅವರು ಒಂದು ಚೀಟಿಯ ಹಿಂದೆ ಪೆನ್ನಿನಲ್ಲಿ ಕಿವಿಯ ಚಿತ್ರ ಬರೆದರು. ಕಿವಿ ತಮಟೆಯ ಹಿಂದೆ ಬಟಾಣಿ ಕಾಳು ಹಿಡಿಯುವಷ್ಟು ಒಂದು ಕೋಣೆ ಇದೆ, ಕೀವು ಅಲ್ಲಿ ಕೂತಿದೆ. ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಕರಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೊನೆಗೆ ಆ ಕೋಣೆಯ ಗೋಡೆಯ ಒಳಪದರದಿಂದ ಜಿನುಗಿ ಕೀವಿಗೆ ಮುಟ್ಟಬೇಕು. ಸೋಂಕು ಜೋರಾಗಿ ಊತ ಇದ್ದಾಗ ಆ ಪದರದ ಸಣ್ಣ ನಾಳಗಳು ಸಡಿಲವಾಗಿರುತ್ತವೆ, ಔಷಧಿ ಹೆಚ್ಚು ಜಿನುಗುತ್ತದೆ. ಮೊದಲ ಮೂರು ದಿನದಲ್ಲಿ ನೋವು ಹೋಗುವುದು ಅದಕ್ಕೇ. ಊತ ಇಳಿದಂತೆ ಗೋಡೆ ಬಿಗಿಯಾಗಿ, ಒಳಗೆ ಹೋಗುವ ಔಷಧಿ ಕಡಿಮೆಯಾಗುತ್ತದೆ. ಆದರೆ ಮೂಲೆಯಲ್ಲಿ ಗಟ್ಟಿ ಕೀವು, ಅದರೊಳಗೆ ಕ್ರಿಮಿ ಇನ್ನೂ ಬದುಕಿರುತ್ತವೆ. ಹೋದ ಔಷಧಿಯೂ ಅಲ್ಲೇ ಮನೆ ಮಾಡುವುದಿಲ್ಲ, ಕೆಲವು ತಾಸಿಗೆ ವಾಪಸು ಹರಿದುಹೋಗುತ್ತದೆ. ಜೊತೆಗೆ ನೆಗಡಿಯ ವೈರಸ್ಸೂ ಇದ್ದರೆ ಒಳಗೆ ಹೋಗುವ ಔಷಧಿ ಇನ್ನೂ ತಗ್ಗುವುದುಂಟು.

"ಅಂದ್ರ ನೋವು ಹೋದ ಮ್ಯಾಲೇ ಗುಳಿಗಿ ಭಾಳ ಬೇಕು. ನೀನು ಅವಾಗೇ ಬಿಟ್ಟಿ," ಎಂದರು. ಆಮೇಲೆ ಟಾರ್ಚ್ ಬಿಟ್ಟು ನೋಡಿದವರು ಕಿವಿಯ ಹತ್ತಿರ ಮೂಗು ತಂದರು. "ಇದೇನಿದು, ಬಳ್ಳೊಳ್ಳಿ ವಾಸನಿ?"

ಹೇಳಲೇಬೇಕಾಯಿತು. ಎಣ್ಣೆ, ಹತ್ತಿ, ಬರುವ ಮುಂಚಿನ ಒರೆಸಾಟ, ಎಲ್ಲ ಹೇಳಿದೆ. ಅವರು ಹಣೆ ಹಣೆ ಬಡಿದುಕೊಂಡರು. ತೂತಾದ ತಮಟೆಯ ಮೂಲಕ ಎಣ್ಣೆ ಒಳಗಿಳಿದು ಸೋಂಕು ಕೆದಕಿದೆ, ಹತ್ತಿ ಬಿರಡೆಯಾಗಿ ಕೀವು ಹೊರಗೆ ಬಾರದಂತೆ ತಡೆದಿದೆ. ಒರೆಸಿಕೊಂಡು ಬಂದದ್ದರಿಂದ ಯಾವ ಕ್ರಿಮಿ ಎಂದು ಪರೀಕ್ಷೆಗೆ ಕಳಿಸಲು ಅವರಿಗೆ ಒಂದು ಹನಿ ಕೀವೂ ಸಿಕ್ಕಿಲ್ಲ. "ನಾಳೆ ಬಾ. ಮುಖ ಬೇಕಾದ್ರ ತೊಳ್ಕೊ, ಕಿವಿ ಮುಟ್ಟಬ್ಯಾಡ. ಹೊಲಸು ಹೆಂಗೈತೋ ಹಂಗ ತಗೊಂಡ್ ಬಾ," ಎಂದರು.

ಮರುದಿನ ಹೊಲಸು ಕಿವಿ ಹೊತ್ತುಕೊಂಡು ಊರೊಳಗೆ ನಡೆದೆ. ಅದಕ್ಕಿಂತ ಡಂಪರನ್ನು ಗುಡ್ಡದ ಅಂಚಿನಲ್ಲಿ ತಿರುಗಿಸುವುದು ಸುಲಭ. ಅವರು ಕಡ್ಡಿಯಲ್ಲಿ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಸಣ್ಣ ನಳಿಕೆ ಇಟ್ಟು ಉಳಿದದ್ದನ್ನು ಸುರ್ರನೆ ಎಳೆದರು. ಕಣ್ಣಲ್ಲಿ ನೀರು ಬಂದರೂ ನಾನು ಉಸಿರೆತ್ತಲಿಲ್ಲ. ನಾಲ್ಕನೇ ದಿನ ವರದಿ ಬಂತು. ನಾನು ಮೊದಲು ನುಂಗಿದ ಗುಳಿಗೆಗೆ ಆ ಕ್ರಿಮಿ ಜಗ್ಗುವುದಿಲ್ಲವೆಂದು ಬೇರೆ ಗುಳಿಗೆ ಕೊಟ್ಟರು. ಅರ್ಧಂಬರ್ಧ ನುಂಗಿ ಬಿಡುವವರ ಮೈಯಲ್ಲಿ ಕ್ರಿಮಿಗಳು ಹೀಗೆ ಗಟ್ಟಿಯಾಗುವುದುಂಟು ಎಂದು ನನ್ನನ್ನೇ ನೋಡಿ ಹೇಳಿದರು. ಹನ್ನೆರಡು ತಾಸಿಗೊಂದರಂತೆ ಹತ್ತು ದಿನ. ಅವರು ಕಿವಿ ಒಣಗಿಸಿದ ಮೇಲಷ್ಟೇ ಹನಿ ಔಷಧಿ. ಎಣ್ಣೆ ಇಲ್ಲ, ನೀರು ಇಲ್ಲ, ಗಣಿಯ ಧೂಳೂ ಇಲ್ಲ. ಕಿವಿ ತುಂಬಾ ಕೀವಿದ್ದಾಗ ಹನಿ ಹಾಕಿದರೂ ಅದು ಮೇಲೇ ತೇಲುತ್ತದೆ, ಒಳಗೆ ಮುಟ್ಟುವುದಿಲ್ಲ ಎಂದು ಅವತ್ತು ಕಲಿತೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನನ್ನ ಬುದ್ಧಿ ನೋಡಿ. ಹೊಸ ಗುಳಿಗೆಯ ನಾಲ್ಕನೇ ದಿನ ಅಮ್ಮನ ಜೊತೆ ಕಂಪ್ಲಿಗೆ ಹೋಗಿದ್ದೆ. ಅಮ್ಮನ ಅಣ್ಣ, ನನ್ನ ಸೋದರಮಾವ, ಅಲ್ಲಿ ಕಾಲುವೆಯ ನೀರುಗಂಟಿ. ಯಾರ ಗದ್ದೆಗೆ ಯಾವ ತಾಸಿಗೆ ನೀರು ಎಂದು ನೋಡಿಕೊಂಡು ತೂಬಿನ ಬಾಗಿಲು ಎತ್ತುವುದು, ಇಳಿಸುವುದು ಅವನ ಕೆಲಸ. ಕಿವಿ ಒಣಗಿತ್ತು, ನೋವಿರಲಿಲ್ಲ, ಬಾಯೆಲ್ಲ ಕಹಿ, ಊಟ ಸೇರುತ್ತಿರಲಿಲ್ಲ. ಸಂಜೆ ಏಳಕ್ಕೆ ಗುಳಿಗೆ ಕೈಯಲ್ಲಿ ಹಿಡಿದು, "ಇನ್ನೇನ್ ಆರಾಮಾತಲ್ಲ, ಒಂದಿನ ಬಿಟ್ರ ಏನಾಗ್ತೈತಿ," ಎಂದು ಗೊಣಗಿದೆ. ಅಮ್ಮ ಎದ್ದಳು. ಎಣ್ಣೆಯ ಬಗ್ಗೆ ಡಾಕ್ಟರು ಹೇಳಿದ್ದು ಗೊತ್ತಾದಂದಿನಿಂದ ಅವಳು ನನ್ನ ಕಿವಿಯ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಮಾವ ಕೇಳಿದ, "ಡಾಕ್ಟ್ರು ಏನಂದಾರ?" ಚೀಟಿ ತೋರಿಸಿ, ಡಾಕ್ಟರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳಿದೆ. ಮಾವ ಓದಿದ್ದು ನಾಲ್ಕನೇ ಕ್ಲಾಸು. ಚಿತ್ರವನ್ನು ಒಮ್ಮೆ ನೋಡಿ, ನನ್ನನ್ನು ಎಬ್ಬಿಸಿಕೊಂಡು ಮನೆಯ ಹಿಂದಿನ ಕಾಲುವೆ ದಂಡೆಗೆ ಕರೆದುಕೊಂಡು ಹೋದ. ಅವತ್ತು ನೀರಿನ ಸರದಿ ನಡೆದಿತ್ತು. ಮೇಲಿನ ಗದ್ದೆಗಳೆಲ್ಲ ತುಂಬಿ ಹೊಳೆಯುತ್ತಿದ್ದವು. ದೂರದ ಕಡೆಯ ಗದ್ದೆಗೆ ನೀರು ಇನ್ನೂ ಎಳೆಯಷ್ಟೇ ಹೋಗುತ್ತಿತ್ತು.

"ನೋಡ್ಲೇ," ಎಂದ ಮಾವ. "ಮ್ಯಾಲಿನವ್ರ ಗದ್ದಿ ತುಂಬೈತಿ. ಅವ್ರು ನನಗ ದಿನಾ ಹೇಳ್ತಾರ, ನಮ್ಮದು ಆತು, ತೂಬು ಮುಚ್ಚು ಅಂತ. ನಾ ಈಗ ಮುಚ್ಚಿದ್ನೆಂದ್ರ ಆ ಕಡೀ ಗದ್ದಿಗೆ ಹನಿನೂ ಮುಟ್ಟಂಗಿಲ್ಲ. ನಾಳಿ ಮತ್ತ ಬಿಟ್ರ ಒಣಗಿದ ಕಾಲುವೀನ ಅರ್ಧ ನೀರು ಕುಡೀತೈತಿ. ಅದಕ್ಕ ಸರದಿ ಅಂದ್ರ ತಾಸು ಮುಗಿಯೋ ತನಕ ಸರದಿ. ನಿನ್ನ ಕಿವಿ ಕಡೀ ಗದ್ದಿ ಐತಿ. ಮ್ಯಾಲೆ ತುಂಬೈತಿ ಅಂತ ನೀ ಯಾಕ ತೂಬು ಮುಚ್ಚತಿ?"

ಡಾಕ್ಟರ ಚಿತ್ರಕ್ಕೆ ತಲೆಯಾಡಿಸಿ ಬಂದವಳಿಗೆ ಆ ದಂಡೆಯ ಮೇಲೆ ಮಾತು ನಿಜವಾಗಿ ಒಳಗಿಳಿಯಿತು. ಅಲ್ಲೇ ನಿಂತು ಗುಳಿಗೆ ನುಂಗಿದೆ. ಅವತ್ತಿನಿಂದ ಮಾವ ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಫೋನು ಮಾಡತೊಡಗಿದ. ನಮಸ್ಕಾರ ಇಲ್ಲ, ಆರಾಮ ಇದ್ದೀಯ ಇಲ್ಲ. "ನೀರು ಬಿಟ್ಟೀಯೇನು?" ಎಂದು ಕೇಳುತ್ತಿದ್ದ. "ಬಿಟ್ಟೀನಿ," ಎಂದರೆ ಫೋನು ಕಟ್. ಒಂದು ದಿನ ಏಳು ಗಂಟೆ ಐದು ನಿಮಿಷವಾಗಿ, ಇನ್ನೂ ನುಂಗಿಲ್ಲ ಎಂದಾಗ ಅವನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನನ್ನ ಸಿಟ್ಟು ಅಪ್ಪನ ಕಡೆಯದಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿತು.

ಆ ಹತ್ತು ದಿನ ನಾನು ಗಣಿಯ ತರಗತಿಯಲ್ಲೇ ಕೂತೆ. ಕಿಟಕಿಯಾಚೆ ನನ್ನ ಗೆಳತಿಯರು ಡಂಪರ್ ಓಡಿಸುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಹೇಳುವುದಿಲ್ಲ, ಅವರಲ್ಲಿ ಒಬ್ಬಳು ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಉಜ್ಜಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಸಹಪ್ರಯಾಣಿಕರು ಯಾರಾದರೂ ಸೀನಿದರೆ ಬಸ್ಸಿನಲ್ಲಿ ಸೀಟು ಬಿಟ್ಟು ಏಳುತ್ತಿದ್ದೆ. ಸ್ನಾನಕ್ಕೆ ಹೋಗುವಾಗ ಡಾಕ್ಟರು ಹೇಳಿದಂತೆ ವ್ಯಾಸಲೀನ್ ಹಚ್ಚಿದ ಹತ್ತಿ ಇಟ್ಟುಕೊಂಡು, ಬಂದ ಕೂಡಲೇ ತೆಗೆದು ಎಸೆಯುತ್ತಿದ್ದೆ. ಹತ್ತನೇ ದಿನದ ಕೊನೆಯ ಗುಳಿಗೆ ನುಂಗಿ, ಬರಿದಾದ ಪಟ್ಟಿಯ ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಅವನು ಹೆಬ್ಬೆರಳು ಕಳಿಸಿದ.

ಹೊಸ ಗುಳಿಗೆ ಶುರು ಮಾಡಿದ ಮೂರು ವಾರಕ್ಕೆ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ತುಂಬಾ ಹೊತ್ತು ನೋಡಿದರು. "ತೂತು ಮುಚ್ಚೈತಿ. ಒಳಗ ಒಂದು ಹನಿ ಇಲ್ಲ," ಎಂದರು. ನಾನು ಅವರ ಕಾಲು ಮುಟ್ಟಿದೆ. "ಏಳು ಏಳು. ಮೊದ್ಲು ಟೆಸ್ಟ್ ಪಾಸಾಗಿ ಬಾ," ಎಂದು ಗದರಿದರೂ ಅವರ ಮುಖ ಅರಳಿತ್ತು.

ಪರೀಕ್ಷೆಯ ದಿನ ನನ್ನನ್ನು ಸಣ್ಣ ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಬಲಗಿವಿ ಸಲೀಸಾಗಿ ಮುಗಿಯಿತು. ಎಡಗಿವಿ ಶುರುವಾದಾಗ ಮೊದಲು ಏನೂ ಇಲ್ಲ. ಬರೀ ನನ್ನ ಉಸಿರು. ಮುಗಿಯಿತು ನನ್ನ ಕತೆ ಎಂದುಕೊಂಡೆ. ಆಮೇಲೆ, ತುಂಬಾ ದೂರದಲ್ಲಿ, ಸೊಳ್ಳೆ ಹಾಡಿದಂತೆ ಒಂದು ಎಳೆ ಸದ್ದು. ಒತ್ತಿದೆ. ಇನ್ನೂ ಸಣ್ಣದು. ಒತ್ತಿದೆ. ಅದಕ್ಕಿಂತ ಸಣ್ಣದು, ಇದೆಯೋ ಇಲ್ಲವೋ ಎಂಬಂಥದ್ದು, ಅದಕ್ಕೂ ಒತ್ತಿದೆ. ಗಾಜಿನಾಚೆ ಟೆಕ್ನಿಷಿಯನ್ ಹುಬ್ಬು ಏರಿಸಿ ಬರೆದುಕೊಳ್ಳುತ್ತಿದ್ದ.

ಬಾಗಿಲು ತೆರೆದು, "ಎರಡೂ ಕಿವಿ ನಾರ್ಮಲ್ ಅದಾವ್ರಿ," ಎಂದ. ನಾನು ಕೂಗಿದ ಕೂಗಿಗೆ ಅವನು ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾರ, ಸಾವಕಾಶ! ಈಗ ನನ್ನ ಕಿವಿ ಟೆಸ್ಟ್ ಮಾಡ್ಬೇಕಾಗ್ತೈತಿ," ಎಂದು ನಕ್ಕ. ಹೊರಗೆ ಓಡಿ ಬಂದು, ಮೇಷ್ಟ್ರ ಕೈಗೆ ಕಾಗದ ಕೊಟ್ಟೆ. ನಾಳೆ ಬೆಳಗಿನ ಪಾಳಿಗೆ ನನ್ನ ಹೆಸರು ಬರೆದರು. ಹೊಸಪೇಟೆಯ ಬಸ್ಸಿನಲ್ಲಿ ಇಡೀ ದಾರಿ ಎದೆಯುಬ್ಬಿಸಿ ಕೂತಿದ್ದೆ. ಗೆದ್ದೆ ಎಂದು ಎದುರು ಬಂದ ಪ್ರತಿ ಲಾರಿಗೂ ಹೇಳಬೇಕು ಅನ್ನಿಸುತ್ತಿತ್ತು.

ಮನೆಯಲ್ಲಿ ಅಮ್ಮ ಕಾಗದ ನೋಡಿದಳು, ನಂಬಲಿಲ್ಲ. "ಮಷೀನು ಏನರ ಅಂತೈತಿ. ನಾನ ನೋಡ್ತೀನಿ, ಕುಂದ್ರು," ಎಂದಳು. ನನ್ನನ್ನು ಸ್ಟೂಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿ, ಹಿಂದೆ ನಿಂತು, ನನ್ನ ಬಲಗಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದಳು. ಮೊದಲು "ಮಿರ್ಚಿ" ಎಂದಳು. "ಮಿರ್ಚಿ," ಎಂದೆ. ಇನ್ನಷ್ಟು ಮೆಲ್ಲಗೆ "ಸಾಸಿವಿ" ಎಂದಳು. ಅದನ್ನೂ ಹೇಳಿದೆ. ಆಮೇಲೆ ಅಂಗೈಯನ್ನು ಬಲಗಿವಿಗೆ ಇನ್ನೂ ಬಿಗಿಯಾಗಿ ಒತ್ತಿದಳು.

"ನನ್ನ ಎಣ್ಣಿಂದನ ನಿನ್ನ ಕೆಲ್ಸ ಹೋಗ್ತೈತಿ ಅಂತ ದಿನಾ ಅತ್ತೀನಿ. ತಪ್ಪಾತವ್ವಾ," ಎಂದಳು. ಉಸಿರಿನಷ್ಟೇ ಸಣ್ಣ ದನಿ. ನನಗೆ ಕೇಳಿಸಲಿ ಎಂದಲ್ಲ, ಕೇಳಿಸದಿರಲಿ ಎಂದೇ ಹೇಳಿದಂತಿತ್ತು.

ನಾನು ತಿರುಗಿ ಅವಳ ಎರಡೂ ಕೈ ಹಿಡಿದುಕೊಂಡೆ. ಭುಜಕ್ಕೆ ಕಣ್ಣು ಒರೆಸಿಕೊಳ್ಳುತ್ತ ಅಮ್ಮ, "ನಾ ಏನಂದೆ, ಹೇಳು? ಗೊತ್ತಾಗ್ಲಿಲ್ಲಲ್ಲ? ಗೊತ್ತಾಗ್ಲಿಲ್ಲಂದ್ರ ಬಿಡು," ಎಂದಳು. "ಗುಳಿಗಿ ಬಿಟ್ಟಾಕಿ ನಾನು, ತಪ್ಪು ನಂದೂ ಐತಿ," ಎಂದೆ. ಅಮ್ಮ ಕೈ ಬಿಡಿಸಿಕೊಂಡು, ಮುಖ ಮುಚ್ಚಿಕೊಂಡು ನಕ್ಕಳು, ನಗುತ್ತ ಅತ್ತಳು. ಮೂವತ್ತೊಂದು ವರ್ಷದಲ್ಲಿ ನನ್ನ ಅಮ್ಮ ತಪ್ಪಾಯಿತು ಎಂದದ್ದು ಅದೊಂದೇ ಸಲ, ನಾನು ಅದನ್ನು ಒಂದಕ್ಷರ ಬಿಡದೆ ಎಡಗಿವಿಯಲ್ಲಿ ಕೇಳಿದೆ.